ಕಾಲಿಗೆ ಸ್ಟೆಂಟ್ ಹಾಕಿಸೋ ಮುಂಚೆ ಒಂದು ಮಾತು

ಅಪ್ಪ ನಡೆಯುತ್ತಾ ನಡೆಯುತ್ತಾ ನಿಂತುಬಿಡುತ್ತಿದ್ದರು. ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ನೋವು ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ. ವಯಸ್ಸಾಯ್ತಲ್ಲ ಅಂತ ನಾವು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾ ಕೂತೆವು.

ಕೊನೆಗೆ ಒಂದು ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ನೋಡಿದವರೇ, "ತೊಡೆಯ ರಕ್ತನಾಳದಲ್ಲಿ ಬ್ಲಾಕ್ ಇದೆ, ನಾಳೆನೇ ಸ್ಟೆಂಟ್ ಹಾಕಿಬಿಡೋಣ" ಅಂದರು. ಸ್ಟೆಂಟ್ ಅಂದರೆ ನಾಳವನ್ನು ತೆರೆದಿಡೋ ತಂತಿ ಜಾಲರಿಯ ಪುಟ್ಟ ಕೊಳವೆ. ಅಪ್ಪನ ಕಾಲನ್ನು ಮುಟ್ಟಿ ಕೂಡ ನೋಡಲಿಲ್ಲ. ಅದು ಯಾಕೋ ಮನಸ್ಸಿಗೆ ಒಪ್ಪಲಿಲ್ಲ. ವಾಸ್ಕುಲರ್ ಸರ್ಜನ್, ಅಂದರೆ ರಕ್ತನಾಳಗಳ ಶಸ್ತ್ರವೈದ್ಯರೊಬ್ಬರ ಹತ್ತಿರ ಹೋದೆವು. ಅವರು ಮೊದಲು ಚಪ್ಪಲಿ ಬಿಡಿಸಿ, ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಬಲಗಾಲಲ್ಲಿ ಸಿಕ್ಕಿತು. ಎಡಗಾಲಲ್ಲಿ ಸಿಗಲೇ ಇಲ್ಲ. ಆ ಕಾಲಿನ ಕೂದಲೆಲ್ಲ ಉದುರಿ ಚರ್ಮ ಮಿರಮಿರ ಹೊಳೆಯುತ್ತಿದ್ದುದು ನಮ್ಮ ಕಣ್ಣಿಗೆ ಬಿದ್ದದ್ದೂ ಆಗಲೇ.

ಅವರು ಹೇಳಿದ್ದರಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು ಅನ್ನಿಸುತ್ತದೆ. ಕಾಲಿನ ರಕ್ತನಾಳ ಹೃದಯದ ರಕ್ತನಾಳದ ಹಾಗಲ್ಲ. ಕೂತಾಗ, ಎದ್ದಾಗ, ಮೆಟ್ಟಿಲು ಹತ್ತುವಾಗ ಅದು ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಗಿಡ್ಡವಾಗುತ್ತದೆ. ಅದಕ್ಕೇ ಅಲ್ಲಿಗೆ ನಿಟಿನಾಲ್ ಅನ್ನೋ ಲೋಹದ ಸ್ಟೆಂಟ್ ಬಳಸುತ್ತಾರೆ, ಅದು ಬಾಗಿದರೂ ಮೊದಲಿನ ಆಕಾರಕ್ಕೆ ಬರುತ್ತದೆ. ಆದರೂ ವರ್ಷಗಳು ಕಳೆದಂತೆ ಅದರ ತಂತಿಗಳು ಮುರಿಯಬಹುದು. ಸ್ಟೆಂಟ್ ಉದ್ದವಾದಷ್ಟೂ ಈ ಭಯ ಜಾಸ್ತಿ. ಒಳಗೆ ಮಾಂಸ ಬೆಳೆದು ಮತ್ತೆ ಕಟ್ಟಿಕೊಂಡರೆ ಬಿಡಿಸುವುದೂ ಕಷ್ಟ. ಒಮ್ಮೆ ಹಾಕಿದ್ದನ್ನು ವಾಪಸ್ ತೆಗೆಯೋದಂತೂ ಸುಲಭವಲ್ಲ.

ಔಷಧ ಲೇಪಿಸಿದ ಬಲೂನ್ ಬಂದಿದ್ದೇ ಈ ಕಾರಣಕ್ಕೆ. ಬಲೂನಿನ ಮೇಲೆ ಪ್ಯಾಕ್ಲಿಟಾಕ್ಸೆಲ್ ಇರುತ್ತದೆ, ಕ್ಯಾನ್ಸರ್‌ಗೆ ಕೊಡುವ ಔಷಧವೇ. ಬ್ಲಾಕ್ ಇರುವ ಕಡೆ ಎರಡು ಮೂರು ನಿಮಿಷ ಉಬ್ಬಿಸಿ ಹಿಡಿದರೆ ಔಷಧ ನಾಳದ ಗೋಡೆಗೆ ಇಳಿದು, ಒಳಗೆ ಮತ್ತೆ ಮಾಂಸ ಬೆಳೆಯದಂತೆ ತಡೆಯುತ್ತದೆ. ಆಮೇಲೆ ಬಲೂನ್ ಹೊರಗೆ. ಒಳಗೆ ಲೋಹ ಉಳಿಯಲ್ಲ.

ಕಟ್ಟಿಕೊಂಡ ನಾಳವನ್ನು ಹೀಗೆ ಒಳಗಿನಿಂದ ಬಿಡಿಸುವ ಚಿಕಿತ್ಸೆ ಶುರುವಾದದ್ದೇ ಕಾಲಿನಿಂದ, ಹೃದಯದಿಂದಲ್ಲ, ಆಗ ಬಲೂನ್ ಕೂಡ ಇರಲಿಲ್ಲ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಅನ್ನೋ ವೈದ್ಯರು 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳವನ್ನು ಒಳಗಿನಿಂದಲೇ ಅಗಲ ಮಾಡಿದರು. ಬೆರಳು ಕೊಳೆಯುತ್ತಿದ್ದರೂ ಕಾಲು ತೆಗೆಸಿಕೊಳ್ಳಲ್ಲ ಅಂತ ಆ ಅಜ್ಜಿ ಹಟ ಹಿಡಿದಿದ್ದರು. ಸಾಯುವವರೆಗೂ ತಮ್ಮ ಕಾಲ ಮೇಲೇ ನಡೆದಾಡಿದರು. ಓದಿದಾಗ ಕಣ್ಣು ತುಂಬಿ ಬಂತು.

ಹಾಗಂತ ಬಲೂನ್ ಎಲ್ಲಕ್ಕೂ ಮದ್ದಲ್ಲ. 2018ರಲ್ಲಿ ಒಂದು ವಿಶ್ಲೇಷಣೆ, ಈ ಔಷಧದಿಂದ ಕೆಲ ವರ್ಷಗಳ ನಂತರ ಸಾವು ಹೆಚ್ಚಬಹುದು ಅಂತ ಹೇಳಿ ಎಲ್ಲರನ್ನೂ ಹೆದರಿಸಿತು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಿಕ್ಕಿರುವ ಮಾಹಿತಿ ಆ ಭಯವನ್ನು ಸಮರ್ಥಿಸಲ್ಲ ಎಂದಿತು. ಆದರೆ 2025ರಲ್ಲಿ ಬಂದ ಸ್ವೀಡನ್‌ನ ದೊಡ್ಡ ಅಧ್ಯಯನದಲ್ಲಿ ಔಷಧ ಇದ್ದರೂ ಕಾಲು ಕಳೆದುಕೊಳ್ಳುವುದೇನೂ ಕಡಿಮೆಯಾಗಲಿಲ್ಲ. ಕ್ಯಾಲ್ಸಿಯಂ ಗಟ್ಟಿಯಾಗಿ ಕಟ್ಟಿದ್ದರೆ ಔಷಧ ಒಳಗೆ ಸರಿಯಾಗಿ ಇಳಿಯಲ್ಲ. ಬಲೂನ್ ತೆಗೆದ ಕೂಡಲೇ ನಾಳ ಮುದುಡಿಕೊಂಡರೆ ಅಥವಾ ಸೀಳಿದರೆ ಸ್ಟೆಂಟೇ ಗತಿ. ಸೊಂಟದ ಭಾಗದ ನಾಳಗಳಲ್ಲಿ ಸ್ಟೆಂಟ್ ಚೆನ್ನಾಗಿಯೇ ಬಾಳುತ್ತದೆ. ಕೆಲವರಿಗೆ ತಮ್ಮದೇ ಕಾಲಿನ ಇನ್ನೊಂದು ರಕ್ತನಾಳ ತೆಗೆದು, ಬ್ಲಾಕ್ ದಾಟಿ ರಕ್ತ ಹರಿಯಲು ಬೇರೆ ದಾರಿ ಮಾಡುವ ಬೈಪಾಸ್ ಇವೆರಡಕ್ಕಿಂತ ಒಳ್ಳೆಯದು. ಹಾಗಾಗಿ ಯಾಕೆ ಸ್ಟೆಂಟ್, ಎಷ್ಟು ಉದ್ದದ್ದು, ಬಲೂನಿನಲ್ಲೇ ಆಗಲ್ವಾ, ಮತ್ತೆ ಕಟ್ಟಿಕೊಂಡರೆ ಮುಂದೇನು ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ.

ನಡೆದಾಗ ಮಾತ್ರ ನೋವಿದ್ದರೆ ಸಾಮಾನ್ಯವಾಗಿ ಅವಸರ ಇರಲ್ಲ. ಅಪ್ಪನಿಗೆ ಮೊದಲು ಸಿಗರೇಟ್ ಬಿಡಿಸಿದರು, ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸೋ ಸ್ಟ್ಯಾಟಿನ್ ಕೊಟ್ಟರು, ಹನ್ನೆರಡು ವಾರ ನಡೆಸಿದರು. ನೋವು ಬರುವವರೆಗೆ ನಡೆಯೋದು, ನಿಲ್ಲೋದು, ಮತ್ತೆ ನಡೆಯೋದು. ದಿನಾ ನಾನೂ ಜೊತೆಗೆ ಹೋಗುತ್ತಿದ್ದೆ. ನಿಲ್ಲುವ ಜಾಗ ಸ್ವಲ್ಪ ಸ್ವಲ್ಪವೇ ಮುಂದೆ ಹೋಯಿತು. ಈಗ ಮೂರು ಪಟ್ಟು ದೂರ ನಡೆಯುತ್ತಾರೆ. ಬಲೂನಿನ ಮಾತು ಸದ್ಯಕ್ಕೆ ಪಕ್ಕಕ್ಕಿದೆ.

ಆದರೆ ರಾತ್ರಿ ಮಲಗಿದಾಗಲೂ ಪಾದ ಉರಿದು, ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ಹಾಯ್ ಅನ್ನಿಸುತ್ತಿದ್ದರೆ, ಗಾಯ ಮಾಯದಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ ದಯವಿಟ್ಟು ಕಾಯಬೇಡಿ. ಕಾಲು ಇದ್ದಕ್ಕಿದ್ದ ಹಾಗೆ ತಣ್ಣಗಾಗಿ ಬಿಳಿಚಿಕೊಂಡರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ. ಶುಗರ್ ಇರುವವರಿಗೆ ನೋವೇ ಗೊತ್ತಾಗದೆ ಇರಬಹುದು. ಅವರ ಪಾದವನ್ನು ಮನೆಯವರೇ ದಿನಾ ನೋಡಬೇಕು, ಬೆರಳ ಸಂದಿಯನ್ನೂ ಬಿಡಿಸಿ.