ಲ್ಯಾರಿ ಕ್ರಾಸ್ನರ್ ಅವರನ್ನು ಹುದ್ದೆಯಿಂದ ತೆಗೆದಿಲ್ಲ: ಒಂದು ಸ್ಪಷ್ಟನೆ

ಅಮೆರಿಕದ ಫಿಲಡೆಲ್ಫಿಯಾ ನಗರದ ಮುಖ್ಯ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲ) ಲ್ಯಾರಿ ಕ್ರಾಸ್ನರ್ ಅವರನ್ನು 2022ರಲ್ಲಿ ವಾಗ್ದಂಡನೆ ಮಾಡಿ ಮನೆಗೆ ಕಳಿಸಿದರು ಎಂಬ ಮಾತು ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

2022ರ ನವೆಂಬರ್ 16ರಂದು ಆ ನಗರವಿರುವ ಪೆನ್ಸಿಲ್ವೇನಿಯಾ ರಾಜ್ಯದ ಶಾಸನಸಭೆಯ ಕೆಳಮನೆ 107–85 ಮತಗಳಿಂದ ವಾಗ್ದಂಡನೆಗೆ ಒಪ್ಪಿದ್ದು ಹೌದು. ಆದರೆ ಅದು ಆರೋಪ ಹೊರಿಸುವ ಹಂತ ಅಷ್ಟೇ. ವಿಚಾರಣೆ ನಡೆಸಿ ತೆಗೆಯಬೇಕಾದದ್ದು ಮೇಲ್ಮನೆಯಾದ ಸೆನೆಟ್. ಅಲ್ಲಿ ವಿಚಾರಣೆ ನಡೆಯಲೇ ಇಲ್ಲ. ಆ ಶಾಸನಸಭೆಯ ಅವಧಿ ಮುಗಿದಾಗಲೇ ಆರೋಪಗಳೂ ಬಿದ್ದುಹೋದವು ಎಂದು 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮಲ್ಲಿ ಸರ್ಕಾರಿ ವಕೀಲರನ್ನು ಸರ್ಕಾರವೇ ನೇಮಿಸುತ್ತದೆ. ಅಲ್ಲಿ ಈ ಹುದ್ದೆಗೆ ಜನ ವೋಟು ಹಾಕುತ್ತಾರೆ. ಕ್ರಾಸ್ನರ್ 2017, 2021, 2025 ಮೂರೂ ಸಲ ಗೆದ್ದರು.

ಕ್ರಾಸ್ನರ್ ‘ಕೊಲೆಗಾರರನ್ನೂ ಸುಮ್ನೆ ಬಿಡಿ’ ಅಂದಿದ್ದರು ಎಂಬ ಇನ್ನೊಂದು ಮಾತೂ ಸುಳ್ಳು. ಪೊಲೀಸರ ಮೇಲೆ ಕೇಸು ಹಾಕುತ್ತಲೇ ಹೆಸರು ಮಾಡಿದ ವಕೀಲ ಅವರು. 2018ರಲ್ಲಿ ಅಧಿಕಾರಕ್ಕೆ ಬಂದಾಗ ಗಾಂಜಾ ಇಟ್ಟುಕೊಂಡ ಕೇಸು ಬೇಡ, ಸಣ್ಣಪುಟ್ಟ ಅಪರಾಧಗಳಿಗೆ ಜಾಮೀನಿನ ಹಣ ಕೇಳಬೇಡಿ ಎಂದರು. ಇನ್ನೊಂದು ಸೂಚನೆ ನನಗೆ ಬಹಳ ಇಷ್ಟ: ಜೈಲು ಶಿಕ್ಷೆ ಕೇಳುವ ವಕೀಲರು, ಅದಕ್ಕೆ ಜನರ ತೆರಿಗೆ ದುಡ್ಡು ಎಷ್ಟು ಖರ್ಚಾಗುತ್ತದೆ ಅಂತ ಜಡ್ಜ್ ಮುಂದೆಯೇ ಹೇಳಬೇಕು. ಆ ಲೆಕ್ಕ ಯಾರಾದರೂ ಕೇಳಲೇಬೇಕಿತ್ತು, ಅಲ್ವಾ?

2021ರಲ್ಲಿ ನಗರದಲ್ಲಿ 562 ಕೊಲೆಗಳಾದವು. ಆ ಸಂಖ್ಯೆ ಹಿಡಿದು ಅವರನ್ನು ಬೈಯುವವರು, ಅವರೇ ಹುದ್ದೆಯಲ್ಲಿದ್ದ 2024ರಲ್ಲಿ ಅದು 269ಕ್ಕೆ ಇಳಿದದ್ದನ್ನೂ ಹೇಳಬೇಕು.