ಕಟ್ಟಡದ ಜೊತೆ ರಿಜಿಸ್ಟರುಗಳೂ ಉಳಿಯಲಿ

ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಅದರಲ್ಲಿ ಗ್ರಂಥಾಲಯ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕದ ಆ ಕೆಂಪು ಕಟ್ಟಡದ್ದೇ ಮಾತು ಜಾಸ್ತಿ. ಒಳಗಿನ ಹಳೆಯ ಕಡತಗಳ ಕಥೆಯೂ ಬೇಕಿತ್ತು, ಅಲ್ವಾ? ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನ ಒಂದೊಂದು ಸಾಲಿನಲ್ಲೂ ಪುಸ್ತಕ ಬಂದ ದಿನ, ಬೆಲೆ, ಬಿಲ್ ನಂಬರ್ ಇರುತ್ತದೆ. ಕೊನೆಯ ಕಾಲಂನಲ್ಲಿ ಕಳೆದುಹೋದದ್ದು, ಹರಿದು ತೆಗೆದುಹಾಕಿದ್ದು. ಯಾವ ಕಾಲದಲ್ಲಿ ಜನರಿಗೆ ಏನು ಓದಲು ಸಿಕ್ಕಿತು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? 1965ರ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಆಸ್ತಿ ತೆರಿಗೆ ಜೊತೆ ನಾವೂ ಗ್ರಂಥಾಲಯಗಳಿಗಾಗಿ ಸೆಸ್ ಕಟ್ಟುತ್ತಿದ್ದೇವೆ. ಆ ಲೆಕ್ಕದ ಪುಸ್ತಕಗಳೂ ಇತಿಹಾಸವೇ. ಹಳೆಯದೆಂದು ಸುಮ್ನೆ ರದ್ದಿಗೆ ಹಾಕಬಾರದು. ಸ್ಕ್ಯಾನ್ ಮಾಡಿಸಿ, ಮೂಲ ಪ್ರತಿಗಳನ್ನು ರಾಜ್ಯ ಪತ್ರಾಗಾರಕ್ಕೆ ಕೊಡಲಿ.