ಗೊಂಬೆ ಎನ್ನಬೇಡಿ ಭಾವ

ಡೊಂಬಿವಲಿಯಲ್ಲಿರುವ ನನ್ನ ಭಾವಮೈದುನನ ಮನೆಗೆ ಹೋಗುವವರು ಚಪ್ಪಲಿಯ ಜೊತೆಗೆ 'ಗೊಂಬೆ' ಎಂಬ ಪದವನ್ನೂ ಬಾಗಿಲಾಚೆಯೇ ಬಿಟ್ಟು ಒಳಗೆ ಬರಬೇಕು. ಮೊದಲ ಸಲ ನಾನು ಬಾಯಿತಪ್ಪಿ ಆ ಮಾತು ಆಡಿದಾಗ ಅವನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. "ಗೊಂಬೆ ಎನ್ನಬೇಡಿ ಭಾವ. ಇವು ಆಕ್ಷನ್ ಫಿಗರ್" ಎಂದ. ನಾನು ಗಾಜಿನ ಕಪಾಟಿನತ್ತ ನೋಡಿದೆ. ಒಳಗೆ ನೂರೆಂಬತ್ತು ಚಿಲ್ಲರೆ ಮಹಾವೀರರು ರಟ್ಟಿಗೆ ಬೆನ್ನು ಅಂಟಿಸಿಕೊಂಡು, ಪ್ಲಾಸ್ಟಿಕ್ ಗುಳ್ಳೆಯೊಳಗೆ ಉಸಿರು ಬಿಗಿಹಿಡಿದು ನಿಂತಿದ್ದರು. ಐಸಿಯುವಿನಲ್ಲಿ ಮಲಗಿದವರಾದರೂ ಆಗಾಗ ಮಗ್ಗುಲು ಬದಲಿಸುತ್ತಾರೆ. ಇವರದು ಅದೂ ಇಲ್ಲ.

ಮನೆ ನಾನೂರು ಚದರ ಅಡಿಯದು. ಹಾಲಿನ ಒಂದು ಗೋಡೆ ಪೂರ್ತಿ ಇವರಿಗೆ ಮೀಸಲು. ಅತ್ತೆ ದಿವಾನದ ಮೇಲೆ ಮಲಗುತ್ತಾರೆ, ಮಗ ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಹತ್ತನೆಯ ತರಗತಿಗೆ ಓದುತ್ತಾನೆ. ಮುಂಬಯಿಯ ಲೆಕ್ಕದಲ್ಲಿ ಚದರ ಅಡಿಗೆ ಇಷ್ಟೆಂದು ಬಾಡಿಗೆ ಹಾಕಿದರೆ, ಆ ಮನೆಯಲ್ಲಿ ಅತಿ ಹೆಚ್ಚು ಬಾಕಿ ಉಳಿಸಿಕೊಂಡವನು 'ಸ್ಟಾರ್ ವಾರ್ಸ್' ಚಿತ್ರದ ಖಳನಾಯಕ ಡಾರ್ತ್ ವೇಡರ್.

ಆದರೆ ಪದದ ವಿಷಯದಲ್ಲಿ ಭಾವಮೈದುನನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಈ ಮಡಿ ಹುಟ್ಟಿದ್ದು ಅಮೆರಿಕದಲ್ಲಿ. 1959ರಲ್ಲಿ ಬಾರ್ಬಿ ಬಂದಳು, ಹನ್ನೊಂದೂವರೆ ಅಂಗುಲದವಳು, ಬಟ್ಟೆ ಬದಲಿಸಬಹುದಾದವಳು. 1964ರಲ್ಲಿ ಹ್ಯಾಸ್‌ಬ್ರೋ ಕಂಪನಿ ಹನ್ನೆರಡು ಅಂಗುಲದ ಜಿ.ಐ. ಜೋ ಎಂಬ ಸೈನಿಕನನ್ನು ತಂದಿತು. ಅವನಿಗೂ ಬಟ್ಟೆ ಬದಲಿಸಬಹುದು. ಬಾರ್ಬಿಗೂ ಜೋಗೂ ಇದ್ದ ವ್ಯತ್ಯಾಸ ಅರ್ಧ ಅಂಗುಲ ಮತ್ತು ಒಂದು ಬಂದೂಕು. ಆದರೆ ಮಗನಿಗೆ ಗೊಂಬೆ ಕೊಡಿಸಲು ಯಾವ ಅಪ್ಪ ಒಪ್ಪುತ್ತಾನೆ? ಹಾಗಾಗಿ ಕಂಪನಿಯವರು ಅವನಿಗೆ 'ಆಕ್ಷನ್ ಫಿಗರ್' ಎಂದು ಉಪನಯನ ಮಾಡಿಸಿದರು. ಅಂದಿನಿಂದ ಹುಡುಗರು ಗೊಂಬೆಯಾಟ ಆಡಿಲ್ಲ, ಬರೀ ಯುದ್ಧ ಮಾಡಿದ್ದಾರೆ.

ಮುಂದೆ ಇದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅಮೆರಿಕದ ಸುಂಕದ ಪಟ್ಟಿಯಲ್ಲಿ ಆಗ ಗೊಂಬೆಗೆ ಶೇ. 12, ಇತರ ಆಟಿಕೆಗೆ ಶೇ. 6.8. ಮನುಷ್ಯಾಕೃತಿಯಾದರೆ ಗೊಂಬೆ, ಬೇರೆ ಏನಾದರೂ ಜೀವಿಯಾದರೆ ಆಟಿಕೆ. ಎಕ್ಸ್-ಮೆನ್ ಎಂಬ ಕಾಮಿಕ್ಸ್ ಕಥೆಯ ಅತಿಮಾನುಷ ವೀರರ ಗೊಂಬೆಗಳನ್ನು ತರಿಸುತ್ತಿದ್ದ ಟಾಯ್ ಬಿಜ್ ಕಂಪನಿ, ನಮ್ಮ ಸರಕು ಮನುಷ್ಯರೇ ಅಲ್ಲ ಎಂದು ವಾದಿಸಿತು. ನ್ಯಾಯಾಧೀಶರು ಉಗುರು, ಬಾಲ, ರೆಕ್ಕೆಗಳನ್ನು ಪರಾಂಬರಿಸಿ, 2003ರಲ್ಲಿ ಹೌದು, ಇವರು ಮನುಷ್ಯರಲ್ಲ ಎಂದು ತೀರ್ಪಿತ್ತರು. ಆ ಕಥೆಯ ಪಾತ್ರಗಳಾದರೋ ದಶಕಗಳಿಂದ 'ನಾವೂ ಮನುಷ್ಯರೇ, ನಮ್ಮನ್ನು ಹಾಗೆಯೇ ನೋಡಿ' ಎಂದು ಗೋಗರೆಯುತ್ತಿದ್ದವು. ಸುಂಕದಲ್ಲಿ ಶೇ. 5.2 ಉಳಿಯುತ್ತದೆ ಎಂದಾದಾಗ ಹೆತ್ತವರೇ ಕೈಬಿಟ್ಟರು.

ಅಲ್ಲಿಗೆ ಅದು ಗೊಂಬೆಯಲ್ಲ, ಆಟಿಕೆ ಎಂದಾಯಿತಲ್ಲ? ಆಗಲಿಲ್ಲ. ಭಾವಮೈದುನನ ದುಬಾರಿ ಪೆಟ್ಟಿಗೆಗಳ ಹಿಂಬದಿಯಲ್ಲಿ 'ಇದು ಆಟಿಕೆಯಲ್ಲ, ವಯಸ್ಕರ ಸಂಗ್ರಹಕ್ಕೆ ಮಾತ್ರ' ಎಂದು ಅಚ್ಚು ಹಾಕಿರುತ್ತಾರೆ. ಗೊಂಬೆಯಲ್ಲ, ಆಟಿಕೆಯೂ ಅಲ್ಲ, ಮನುಷ್ಯನೂ ಅಲ್ಲ. ಉಪನಿಷತ್ತಿನವರು ಬ್ರಹ್ಮವಸ್ತುವನ್ನು ಹೀಗೆಯೇ 'ಇದಲ್ಲ, ಇದಲ್ಲ' ಎಂದು ಹುಡುಕಿದ್ದರು. ಅವರಿಗೆ ಕೊರಿಯರ್ ಖರ್ಚು ಇರಲಿಲ್ಲ ಅಷ್ಟೆ.

ನಮ್ಮ ದೇಶಕ್ಕೆ ಬಂದಾಗ ಈ ವೇದಾಂತವೆಲ್ಲ ಒಂದೇ ಕ್ಷಣದಲ್ಲಿ ಇಳಿಯುತ್ತದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಹೊರದೇಶದಿಂದ ಒಬ್ಬ ಬ್ಯಾಟ್‌ಮ್ಯಾನ್ ಬಂದರೆ ಅವನ ಮುಕ್ಕಾಲು ಪಾಲು ಬೆಲೆಯನ್ನು ಮತ್ತೊಮ್ಮೆ ಕಟ್ಟಬೇಕು. "ಇದು ಆಟಿಕೆಯಲ್ಲ ಎಂದು ಪೆಟ್ಟಿಗೆಯ ಮೇಲೇ ಬರೆದಿದೆ ಸಾರ್" ಎಂದು ಇವನು ಫೋನಿನಲ್ಲಿ ಗಂಟಲು ಹರಿದುಕೊಂಡದ್ದನ್ನು ನಾನೇ ಕೇಳಿದ್ದೇನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ಹಿರಿಯರು ಹೇಳಿದ್ದು ಇಂಥ ಕರೆಗಳನ್ನು ಕೇಳಿಯೇ ಇರಬೇಕು.

ಸಂಗ್ರಹದ ಶಾಸ್ತ್ರ ತಿಳಿಯಬೇಕಾದರೆ ಮೊದಲು ಒಂದು ತತ್ತ್ವ ಒಪ್ಪಿಕೊಳ್ಳಬೇಕು: ಒಳಗಿರುವುದು ನಿಮಿತ್ತ, ಡಬ್ಬಿಯೇ ದೈವ. ಇದಕ್ಕೆ ಪುರಾಣವೂ ಇದೆ. 1977ರ ಮೇ ತಿಂಗಳಲ್ಲಿ 'ಸ್ಟಾರ್ ವಾರ್ಸ್' ಚಿತ್ರ ಬಂದು ಜನ ಮುಗಿಬಿದ್ದರು. ಗೊಂಬೆ ಮಾಡುವ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಗೆ ಕ್ರಿಸ್‌ಮಸ್ ವೇಳೆಗೆ ಒಂದೇ ಒಂದು ಗೊಂಬೆ ಸಿದ್ಧಪಡಿಸಲು ಆಗಲಿಲ್ಲ. ಆಗ ಅವರು ರಟ್ಟಿನ ಖಾಲಿ ಲಕೋಟೆಯೊಂದನ್ನು ಮಾರಿದರು. ಒಳಗೆ ಒಂದು ಪ್ರಮಾಣಪತ್ರ: 'ಮುಂದಿನ ವರ್ಷ ನಾಲ್ಕು ಗೊಂಬೆ ಕಳಿಸುತ್ತೇವೆ.' ಹಬ್ಬದ ದಿನ ಮಕ್ಕಳು ಅದನ್ನು ಬಿಚ್ಚಿ ಭರವಸೆಯನ್ನು ಆಡಿಸಿದರು. ನಾವು ಇದನ್ನು ಪ್ರಣಾಳಿಕೆ ಎನ್ನುತ್ತೇವೆ. ಆ ಖಾಲಿ ಲಕೋಟೆಗೂ ಇಂದು ಸಂಗ್ರಾಹಕರು ಕಾಸು ಬಿಚ್ಚುತ್ತಾರೆ.

ಇನ್ನೂ ಇದೆ. ಅಂಗಡಿಯಲ್ಲಿ ಕೊಕ್ಕೆಗೆ ನೇತುಹಾಕಲು ರಟ್ಟಿನ ತಲೆಯಲ್ಲಿ ಒಂದು ತೂತು ಇರುತ್ತದೆಯಷ್ಟೆ. ಆ ತೂತಿನ ಬಿಲ್ಲೆಯನ್ನು ಒತ್ತಿ ತೆಗೆಯದೆ ಹಾಗೆಯೇ ಉಳಿದಿದ್ದರೆ ಅದಕ್ಕೆ 'ಅನ್‌ಪಂಚ್ಡ್' ಎಂದು ಹೆಸರು, ಬೆಲೆ ಜಾಸ್ತಿ. ಅಂದರೆ ಆಡದೆ ಇದ್ದರೆ ಸಾಲದು, ಅಂಗಡಿಯ ಗೋಡೆಯ ಮೇಲೂ ನೇತಾಡಿರಬಾರದು. ಅದೇ 'ಸ್ಟಾರ್ ವಾರ್ಸ್'ನ ಜಾವಾ ಎಂಬ ಕುಳ್ಳನದು ಇನ್ನೊಂದು ಕಥೆ. 1978ರಲ್ಲಿ ಅವನಿಗೆ ಮೊದಲು ಪ್ಲಾಸ್ಟಿಕ್ಕಿನ ಮೇಲಂಗಿ ತೊಡಿಸಿದ್ದರು. ತೀರಾ ಅಗ್ಗವಾಗಿ ಕಾಣುತ್ತದೆ ಎಂದು ಕಂಪನಿಯೇ ನಾಚಿಕೊಂಡು ಬಟ್ಟೆಯ ಅಂಗಿಗೆ ಬದಲಿಸಿತು. ಈಗ ಆ ಅಗ್ಗದ ಅಂಗಿಯವನೇ ಭಾರಿ ದುಬಾರಿ. ಎಷ್ಟರಮಟ್ಟಿಗೆಂದರೆ, ಬೇರೆ ಗೊಂಬೆಯ ಪ್ಲಾಸ್ಟಿಕ್ ಅಂಗಿ ಕತ್ತರಿಸಿ ಇವನಿಗೆ ತೊಡಿಸಿ ಮೋಸ ಮಾಡುವ ದರ್ಜಿಗಳೂ ಹುಟ್ಟಿಕೊಂಡಿದ್ದಾರೆ.

ಡಬ್ಬಿ ಬಿಚ್ಚಿದ ಗೊಂಬೆಗೆ 'ಲೂಸ್' ಎಂದು ಕರೆಯುತ್ತಾರೆ. ಅದೊಂದು ಸಾಮಾಜಿಕ ಸ್ಥಾನ. ಲೂಸ್‌ನವನ ಕೈಯಲ್ಲಿದ್ದ ಅಕ್ಕಿಕಾಳಿನಷ್ಟು ಗಾತ್ರದ ಪಿಸ್ತೂಲು ಕಳೆದುಹೋಗಿದ್ದರಂತೂ ಅವನು ಕುಲಗೆಟ್ಟಂತೆ. ಆ ಅಕ್ಕಿಕಾಳನ್ನು ಹುಡುಕಿಕೊಂಡು ಶುಕ್ರವಾರ ಬೆಳಗಿನ ಜಾವ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಮೊಬೈಲ್ ಬೆಳಕು ಬಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತ ಗೃಹಸ್ಥರನ್ನು ನಾನು ಕಂಡಿದ್ದೇನೆ.

ಎರಡು ವರ್ಷದ ಹಿಂದೆ ಇವನು ಒಂದು ಹಳೆಯ ಕಾರ್ಡನ್ನು, ಅಂದರೆ ರಟ್ಟಿನಿಂದ ಬಿಚ್ಚದ ಗೊಂಬೆಯನ್ನು, ಮೌಲ್ಯಮಾಪನಕ್ಕೆಂದು ಅಮೆರಿಕಕ್ಕೆ ಕಳಿಸಿದ. ಅಲ್ಲಿ ಇದಕ್ಕೆಂದೇ ಸಂಸ್ಥೆಗಳಿವೆ, ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತವೆ. ಹೋಗಿಬರುವ ಖರ್ಚಿನಲ್ಲಿ ಅವನ ಅಮ್ಮ ಚಾರ್‌ಧಾಮ್ ಯಾತ್ರೆ ಮುಗಿಸಬಹುದಿತ್ತು. ಅಂಕಪಟ್ಟಿ ಬಂತು. ಮೂರು ವಿಷಯ: ರಟ್ಟು 75, ಗುಳ್ಳೆ 80, ಗೊಂಬೆ 90. ಮೂರರಲ್ಲಿ ಎರಡು ವಿಷಯ ಪ್ಯಾಕಿಂಗಿಗೇ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು. ಒಟ್ಟಾರೆ 80 ಎಂದಿತ್ತು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಸಂಜೆಯ ಮೌನ ಆವರಿಸಿತು. "85 ಬರಬೇಕಿತ್ತು ಭಾವ. ಐದು ಅಂಕಕ್ಕೆ ಬೆಲೆಯೇ ಬೇರೆ" ಎಂದು ಅನ್ನ ಮುಟ್ಟದೆ ಎದ್ದುಹೋದ. ಅದೇ ವಾರ ಮಗನಿಗೆ ಗಣಿತದಲ್ಲಿ 52 ಬಂದದ್ದು ಗದ್ದಲವಿಲ್ಲದೆ ದಾಟಿಹೋಯಿತು. ಹುಡುಗ ಇಂದಿಗೂ ಆ ಅಮೆರಿಕದವರನ್ನು ನೆನೆಯುತ್ತಾನೆ.

ಹಾಗೆ ಬಂದ ಕಾರ್ಡು ಅಕ್ರಿಲಿಕ್ ಪೆಟ್ಟಿಗೆಯೊಳಗೆ ಮೊಹರಾಗಿರುತ್ತದೆ. ಇನ್ನು ಅದನ್ನು ಬಿಚ್ಚಿದರೆ ಅಂಕ ಹೋಯಿತು. ಅಕ್ರಿಲಿಕ್ಕಿಗೆ ಗೀರು ಬೀಳಬಾರದೆಂದು ಇವನು ಅದಕ್ಕೊಂದು ರಟ್ಟಿನ ಕವಚ ಮಾಡಿಸಿದ. ಈಗ ಗೊಂಬೆ ಕಾಣುವುದಿಲ್ಲ, ಆದರೆ ಸುರಕ್ಷಿತವಾಗಿದೆ. ನಮ್ಮ ದೇವರ ಗೂಡಿನಲ್ಲಿ ಕಾಶಿಯಿಂದ ತಂದ ಗಂಗೆಯ ಗಿಂಡಿ ಹೀಗೆಯೇ ಬೆಸುಗೆ ಹಾಕಿಸಿಕೊಂಡು ಕೂತಿರುತ್ತದೆ. ಆದರೆ ಅದನ್ನು ಯಾರದಾದರೂ ಕೊನೆಗಾಲದಲ್ಲಿ ಒಡೆದು ಬಾಯಿಗೆ ಬಿಡುತ್ತಾರೆ.

ಮುಂಬಯಿಯಲ್ಲಿ ಈ ವ್ರತ ಪಾಲಿಸುವುದು ಸುಲಭವಲ್ಲ. ಜುಲೈನಲ್ಲಿ ಗೋಡೆ ಬೆವರುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ರಟ್ಟು ತುದಿಯಿಂದ ಅಲೆಯೇಳುತ್ತದೆ. ಮೂವತ್ತು ಸಾವಿರ ಕೊಟ್ಟು ತಂದ ಒಬ್ಬ ವೀರನ ಕೃತಕ ಚರ್ಮದ ಕವಚ ಎರಡೇ ಮಳೆಗಾಲದಲ್ಲಿ ಹಾವಿನ ಪೊರೆಯಂತೆ ಸುಲಿಯಿತು. ಈಗ ಕಪಾಟಿನ ಮೂಲೆಮೂಲೆಗೂ ಸಿಲಿಕಾ ಜೆಲ್ ಪೊಟ್ಟಣಗಳಿವೆ. ನೆರೆಹೊರೆಯವರು ಹೊಸ ಚಪ್ಪಲಿ ಕೊಂಡರೆ ಆ ಪೊಟ್ಟಣ ಇವನಿಗೇ ತಂದುಕೊಡುತ್ತಾರೆ. ಇದೇ ಊರಿನ ಜನ ಎರಡಾಳೆತ್ತರದ ಗಣಪತಿಯನ್ನು ತಿಂಗಳುಗಟ್ಟಲೆ ತಿದ್ದಿತೀಡಿ ಮಾಡಿಸಿ, ಅನಂತ ಚತುರ್ದಶಿಯಂದು ಕುಣಿಯುತ್ತಾ ಹೋಗಿ ಸಮುದ್ರಕ್ಕೆ ಬಿಟ್ಟುಬರುತ್ತಾರೆ. ಆ ದಿನ ಇವನು ಬಾಲ್ಕನಿಯ ಬಾಗಿಲು ಹಾಕಿಕೊಂಡಿರುತ್ತಾನೆ. ಡೋಲು-ತಾಶೆಯ ಅದುರಿಗೆ ಗುಳ್ಳೆಯ ಅಂಟು ಬಿಡುತ್ತದಂತೆ.

ಒಮ್ಮೆ ದಾದರಿನಲ್ಲಿ ಯಾರಿಂದಲೋ ಒಂದು ಕಾರ್ಡು ಕೊಂಡು ಇಬ್ಬರೂ ಸಂಜೆ ಕಲ್ಯಾಣದ ಫಾಸ್ಟ್ ಲೋಕಲ್ ಹಿಡಿದೆವು. ಹಿಡಿದೆವು ಎಂದರೆ ನಾಲ್ಕು ಗಾಡಿ ಬಿಟ್ಟು ಐದನೆಯದಕ್ಕೆ ನಮ್ಮನ್ನು ತುಂಬಿದರು. ಇವನು ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿಹಿಡಿದಿದ್ದ, ಕಂಸನ ಸೆರೆಯಿಂದ ಕೃಷ್ಣನನ್ನು ಹೊತ್ತು ಯಮುನೆ ದಾಟುವ ವಸುದೇವನ ಹಾಗೆ. ಕೆಳಗೆ ಅವನ ಪಕ್ಕೆಲುಬಿಗೆ ಯಾರದೋ ಊಟದ ಡಬ್ಬಿ ಒತ್ತುತ್ತಿತ್ತು. ಮುಲುಂದ್ ದಾಟುವಾಗ ಪಕ್ಕದ ಹಿರಿಯರೊಬ್ಬರು ಕತ್ತೆತ್ತಿ ನೋಡಿ, ಪ್ರೀತಿಯಿಂದ "ಮುಲೀಸಾಠೀ ಬಾಹುಲೀ ಕಾ?" ಎಂದರು. ಮಗಳಿಗೆ ಗೊಂಬೆಯೇ ಎಂದು. ನಲವತ್ತಮೂರು ವರ್ಷದ, ಐರೋಲಿಯ ಕಂಪನಿಯಲ್ಲಿ ಮೂವತ್ತು ಜನರ ಮೇಲೆ ಅಧಿಕಾರ ನಡೆಸುವ ಗಂಡಸು, ಕೈ ಇಳಿಸಲಾಗದೆ, ಬೆವರು ಒರೆಸಲಾಗದೆ, "ಬಾಹುಲೀ ನಾಹೀ ಕಾಕಾ" ಎಂದು ನರಳಿದ. ಠಾಣೆಯ ಹಿಂಡು ಇಳಿಯುವಾಗ ಕನ್ನಡಕ ಕೆಳಗೆ ಬಿದ್ದು ಪುಡಿಯಾಯಿತು. ಡೊಂಬಿವಲಿಯಲ್ಲಿ ಇಳಿದವನು ಕಣ್ಣು ಕಿರಿದುಮಾಡಿ ಪೆಟ್ಟಿಗೆಯ ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಸವರಿದ. "ಏನೂ ಆಗಿಲ್ಲ ಭಾವ" ಎಂದ.

ಇವನೂ ಒಂದು ಕಾಲದಲ್ಲಿ ಆಡಿದವನೇ. ಫನ್‌ಸ್ಕೂಲ್ ಕಂಪನಿ ಇಲ್ಲಿಯೇ ತಯಾರಿಸುತ್ತಿದ್ದ ಜಿ.ಐ. ಜೋ ಸೈನಿಕರು ಇವನ ಬಳಿ ಒಂದು ತುಕಡಿಯಷ್ಟಿದ್ದರು. ಅವರ ಸೊಂಟದೊಳಗೆ ಸಣ್ಣ ರಬ್ಬರ್ ಬಳೆಯೊಂದಿರುತ್ತದೆ. ಅದು ಹರಿದರೆ ಸೈನಿಕ ಎರಡು ತುಂಡು. ನನ್ನ ಹೆಂಡತಿ ತನ್ನ ಜಡೆಯ ರಬ್ಬರ್ ಕೊಟ್ಟು ಎಷ್ಟೋ ಸೈನಿಕರನ್ನು ಬದುಕಿಸಿದ್ದಾಳೆ. ಕೊನೆಯವನನ್ನು ಇವನು ಕಾಗದದ ದೋಣಿಗೆ ಕಟ್ಟಿ ಚಾಳಿನ ಗಟಾರದ ಪ್ರವಾಹದಲ್ಲಿ ಬಿಟ್ಟನಂತೆ, ದೋಣಿ ತಿರುವಿನವರೆಗೂ ಹೋಯಿತಂತೆ. ಇದನ್ನು ಹೇಳುವಾಗ ಅವನ ಮುಖ ಎಂಟು ವರ್ಷದ ಹುಡುಗನದಾಗಿರುತ್ತದೆ. ಆಮೇಲೆ ಭಾರತದ ಆ ವಿಚಿತ್ರ ಬಣ್ಣದ ಸೈನಿಕರಿಗಾಗಿ ಈಗ ವಿದೇಶದವರು ಹುಡುಕಾಡುತ್ತಿದ್ದಾರೆಂಬುದು ನೆನಪಾಗಿ, ಗಟಾರಕ್ಕೆ ಹೋದದ್ದನ್ನು ಡಾಲರಿನಲ್ಲಿ ಗುಣಿಸಲು ತೊಡಗುತ್ತಾನೆ.

ಹೋದ ನವರಾತ್ರಿಯಲ್ಲಿ ನಾನು ಅಲ್ಲಿದ್ದೆ. ಅತ್ತೆ ಮೈಸೂರಿನವರು, ಮಹಾರಾಷ್ಟ್ರಕ್ಕೆ ಬಂದು ಅರ್ಧ ಶತಮಾನವಾದರೂ ಗೊಂಬೆ ಕೂರಿಸುವುದನ್ನು ಬಿಟ್ಟವರಲ್ಲ. ಗೋಡೆ ಮಗನ ಪಾಲಾದ್ದರಿಂದ ಟ್ರಂಕು, ಸೂಟ್‌ಕೇಸ್, ಅಕ್ಕಿ ಡಬ್ಬಗಳನ್ನೇ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ ಐದು ಮೆಟ್ಟಿಲು ಮಾಡಿದ್ದರು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ, ತವರಿನಿಂದ ಮದುವೆಗೆ ಬಂದ ರಕ್ತಚಂದನದ ರಾಜ-ರಾಣಿ. ಆ ಹೊತ್ತಿಗೆ ಸರಿಯಾಗಿ ಭಾವಮೈದುನನ ಸಂಗ್ರಾಹಕ ಗೆಳೆಯನೊಬ್ಬ ಠಾಣೆಯಿಂದ ಬಂದ. ಅವರ ಬಳಗದಲ್ಲಿ ಅವನ ಕಣ್ಣಿಗೆ ಭಾರಿ ಬೆಲೆಯಂತೆ. ಕಪಾಟು ನೋಡಿ ಮುಗಿಸಿದವನು ಅಭ್ಯಾಸಬಲದಿಂದ ಜೇಬಿನ ಭೂತಗನ್ನಡಿ ತೆಗೆದು ರಾಣಿಯ ಮುಂದೆ ಬಾಗಿದ.

"ಕಾಕೂ, ಇದರ ಪೆಟ್ಟಿಗೆ?" ಎಂದು ಮರಾಠಿಯಲ್ಲಿ ಕೇಳಿದ.

"ಪೆಟ್ಟಿಗೆ ಎಲ್ಲಿಂದ ಬರಬೇಕಪ್ಪ? ನಮ್ಮಮ್ಮ ಸೆರಗಿನಲ್ಲಿ ಸುತ್ತಿಕೊಟ್ಟಿದ್ದು" ಎಂದರು ಅತ್ತೆ, ಅವರೂ ಮರಾಠಿಯಲ್ಲೇ.

"ಲೂಸ್" ಎಂದು ಅವನು ಮರುಗಿದ. "ಸೀರೆ ಮೂಲದ್ದಲ್ಲ."

"ವರ್ಷವರ್ಷ ಬೇರೆ ಉಡಿಸುತ್ತೇನೆ. ಇದು ಸೊಸೆಯ ರವಿಕೆಯ ತುಂಡು."

"ತುಟಿಗೆ ಮತ್ತೆ ಬಣ್ಣ ಬಳಿದಿದ್ದಾರೆ."

"ನಾನೇ. ಹಚ್ಚಿದ್ದು ನೈಲ್ ಪಾಲಿಶ್."

ಅವನು ಎಡಗೈಯ ಹತ್ತಿರ ಕನ್ನಡಿ ಹಿಡಿದು ನಿಂತ. ಅಲ್ಲಿ ಮಣಿಕಟ್ಟಿನಿಂದ ಮುಂದೆ ಏನೂ ಇರಲಿಲ್ಲ, ಮೊಂಡು ತುದಿಯಲ್ಲಿ ಸಣ್ಣಸಣ್ಣ ಗೀರುಗಳು. "ಇಲಿ ಕಡಿದಿದೆ" ಎಂದು ತೀರ್ಪು ಕೊಟ್ಟ.

"ಇಲಿಯಲ್ಲ" ಎಂದರು ಅತ್ತೆ. ಕಡಲೆಕಾಳಿನ ಉಸಲಿಯ ತಟ್ಟೆಯನ್ನು ಅವನ ಕೈಗಿಟ್ಟು, ಮಗನತ್ತ ಗಲ್ಲ ಎತ್ತಿ ತೋರಿಸಿದರು. "ಹಲ್ಲು ಬರುವ ಕಾಲದಲ್ಲಿ ಇವನಿಗೆ ಬೇರೇನು ಕೊಟ್ಟರೂ ಬೇಡ. ರಾಣಿಯೇ ಬೇಕು."

ಭಾವಮೈದುನ ಮಾತಿಲ್ಲದೆ ಗೆಳೆಯನ ಕೈಯಿಂದ ಭೂತಗನ್ನಡಿ ತೆಗೆದುಕೊಂಡ. ಮೊಂಡುಗೈಯನ್ನು ಆಚೀಚೆ ತಿರುಗಿಸಿ ಬಹಳ ಹೊತ್ತು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ:

"ಅಮ್ಮ, ಆ ಮುರಿದ ತುಂಡು ಎಲ್ಲಾದರೂ ಎತ್ತಿಟ್ಟಿದ್ದೀಯಾ?"

"ಎಲ್ಲಿಂದ ಎತ್ತಿಡಲೋ, ನುಂಗಿಬಿಟ್ಟೆಯಲ್ಲ!" ಎಂದರು ಅತ್ತೆ.